ಕೊಕ್ಕರೆ ಬೆಳ್ಳೂರಿನ ಹಕ್ಕಿಗೆ ಯಾವ ಕ್ಯಾಮೆರಾ ತಗೋಬೇಕು?

ಪ್ರಶ್ನೆ: ಸಾರ್, ನಾನು ಮಂಡ್ಯ ಹತ್ರ ಒಂದು ಹೈಸ್ಕೂಲಲ್ಲಿ ಟೀಚರ್. ಹೋದ ಫೆಬ್ರವರೀಲಿ ಮಕ್ಕಳನ್ನ ಕೊಕ್ಕರೆ ಬೆಳ್ಳೂರಿಗೆ ಕರ್ಕೊಂಡು ಹೋಗಿದ್ವಿ. ಮೊಬೈಲಲ್ಲಿ ಎಷ್ಟು ತೆಗೆದ್ರೂ ಹಕ್ಕಿ ಬರೀ ಬಿಳಿ ಚುಕ್ಕಿ ಥರ ಬಂತು. ಒಂದು ಕ್ಯಾಮೆರಾ ತಗೊಂಡು ಸರಿಯಾಗಿ ಕಲೀಬೇಕು ಅಂತ ಆಸೆ, ಐವತ್ತು ಸಾವಿರ ಕೂಡಿಟ್ಟಿದೀನಿ. ಅಂಗಡಿಯವರು ಎರಡು ಲೆನ್ಸ್ ಇರೋ ಡಿಎಸ್‌ಎಲ್‌ಆರ್ ಸೆಟ್ ತಗೊಳಿ ಅಂತಾರೆ, ನಮ್ಮ ಭಾವ ಡಿಎಸ್‌ಎಲ್‌ಆರ್ ಕಾಲ ಮುಗೀತು ಮಿರರ್‌ಲೆಸ್ಸೇ ತಗೋ ಅಂತಾರೆ. ಅಪರ್ಚರ್, ಐಎಸ್‌ಓ ಅಂದ್ರೆ ತಲೆಬುಡ ಗೊತ್ತಿಲ್ಲ. ಸ್ಕೂಲ್ ಫಂಕ್ಷನ್ ಫೋಟೋನೂ ನಾನೇ ತೆಗೀಬೇಕು. ಏನ್ ಮಾಡ್ಲಿ?

ಉತ್ತರ: ಮೇಡಂ, ಅಂಗಡಿಯವರೂ ನಿಮ್ಮ ಭಾವನೂ ಇಬ್ರೂ ಬಾಡಿಯಿಂದ, ಅಂದ್ರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದಿಂದ, ಮಾತು ಶುರು ಮಾಡವ್ರೆ, ಎಡವಟ್ಟು ಅಲ್ಲೇ ಆಗೋದು. ನೀವು ಲೆಕ್ಕನ ಆ ಕಡೆಯಿಂದ ಹಾಕಿ. ಹಕ್ಕಿ ಎಷ್ಟು ದೂರದಲ್ಲಿ ಕೂತಿರುತ್ತೆ, ಅದಕ್ಕೆ ಯಾವ ಲೆನ್ಸ್ ಬೇಕು, ಆ ಲೆನ್ಸ್ ಯಾವ ಬಾಡಿಗೆ ಕಮ್ಮೀಲಿ ಸಿಗುತ್ತೆ, ಹಿಂಗೆ. ಬಾಡಿ ಕೊನೇಗೆ. ಒಳಗೆ ಕನ್ನಡಿ ಇರೋದು ಡಿಎಸ್‌ಎಲ್‌ಆರ್, ಆ ಕನ್ನಡಿ ಇಲ್ದಿರೋದು ಮಿರರ್‌ಲೆಸ್, ಸದ್ಯಕ್ಕೆ ಇಷ್ಟು ಸಾಕು.

ಟೀಚರ್ ಅಲ್ವಾ, ಬೋರ್ಡ್ ಮೇಲೆ ಹಾಕೋ ಥರ ಹಾಕೋಣ. ಬಣ್ಣದ ಕೊಕ್ಕರೆ ನಿಂತ್ರೆ ಹತ್ತತ್ರ ಒಂದು ಮೀಟರ್ ಎತ್ತರ, 95 ಸೆಂಟಿಮೀಟರ್ ಅಂತ ಇಟ್ಕೊಳಿ. ಕೊಕ್ಕರೆ ಬೆಳ್ಳೂರಲ್ಲಿ ಹಕ್ಕಿ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟೋದ್ರಿಂದ ಯಾರದೋ ಜಗಲಿ ಮುಂದೆ ನಿಂತ್ಕೊಂಡು ನೋಡಿದ್ರೆ ಹದಿನೈದು ಮೀಟರ್ ದೂರಕ್ಕೇ ಸಿಗುತ್ತೆ. ಮೊಬೈಲಿನ ಮೇನ್ ಕ್ಯಾಮೆರಾದಲ್ಲಿ, ಅಡ್ಡಡ್ಡ ಹಿಡ್ಕೊಂಡು ತೆಗೆದ್ರೆ, ಆ ದೂರದ ಕೊಕ್ಕರೆ ಫ್ರೇಮಿನ ಎತ್ತರದಲ್ಲಿ ಹದಿನಾಲ್ಕನೇ ಒಂದು ಭಾಗ ಬರುತ್ತೆ, ನಿಮ್ಮ ಬಿಳಿ ಚುಕ್ಕಿ ಅದೇ. ಡಿಎಸ್‌ಎಲ್‌ಆರ್ ಜೊತೆ ಬರೋ 18-55 ಕಿಟ್ ಲೆನ್ಸನ್ನ (ಈ ನಂಬರ್ ಎಂಎಂ ಲೆಕ್ಕ, ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತೆ) ಪೂರ್ತಿ 55ಕ್ಕೆ ತಿರುಗಿಸಿದ್ರೂ ಕಾಲು ಭಾಗ ಅಷ್ಟೇ. ಅದೇ 250 ಎಂಎಂ ಲೆನ್ಸಲ್ಲಿ ಕೊಕ್ಕರೆ ತಲೆಯಿಂದ ಕಾಲಿನ ತನಕ ಇಡೀ ಫ್ರೇಮ್ ತುಂಬ್ಕೊಳುತ್ತೆ, ಸ್ವಲ್ಪ ಹಿಂದೆ ಸರೀಬೇಕಾಗುತ್ತೆ ಅನ್ನಿ. ಅಂದ್ರೆ ನಿಮಗೆ ಲಕ್ಷಗಟ್ಟಲೆ ಬೆಲೆ ಬಾಳೋ ದೊಡ್ಡ ಕೊಳವೆ ಲೆನ್ಸ್ ಬೇಕಾಗಿಲ್ಲ, 55-250 ಇಲ್ಲಾ 70-300 ಸಾಕು. ಇದು ಕೊಕ್ಕರೆ ಬೆಳ್ಳೂರಿನ ಪುಣ್ಯ, ಬೇರೆ ಕಡೆ ಇಷ್ಟು ಸಲೀಸಿಲ್ಲ. ಇದೇ 250ರಲ್ಲಿ ಇದೇ ದೂರಕ್ಕೆ ಒಂದು ಪುಟ್ಟ ಮಿಂಚುಳ್ಳಿ ಕೂತ್ರೆ ಫ್ರೇಮಲ್ಲಿ ಐದನೇ ಒಂದು ಭಾಗ ಕೂಡ ಬರಲ್ಲ, ಆಗ ಲೆನ್ಸ್ ಉದ್ದ ಮಾಡೋಕಿಂತ ಕೆರೆ ದಡದಲ್ಲಿ ಅಲ್ಲಾಡದೆ ಕೂತು ಅದೇ ಹತ್ರ ಬರೋ ತನಕ ಕಾಯೋದು ಅಗ್ಗ.

ಈಗ ಅಂಗಡಿಯವರ ಎರಡು ಲೆನ್ಸ್ ಸೆಟ್. ಐಡಿಯಾ ಕೆಟ್ಟದ್ದಲ್ಲ, ಆದ್ರೆ ಎರಡನೇ ಲೆನ್ಸ್ ಮೇಲೆ ಏನು ಬರ್ದಿದೆ ಅಂತ ಕನ್ನಡಕ ಹಾಕ್ಕೊಂಡು ಓದಿ. ಕ್ಯಾನನ್ ಆದ್ರೆ 55-250 ಐಎಸ್ ಎಸ್‌ಟಿಎಂ ಅಂತ ಇರ್ಬೇಕು, ಐಎಸ್ ಅಂದ್ರೆ ಕೈ ನಡುಕನ ಲೆನ್ಸ್ ಒಳಗೇ ಸರಿ ಮಾಡೋ ವ್ಯವಸ್ಥೆ. 75-300 ಅಂತ ಒಂದು ಲೆನ್ಸ್ ಸೆಟ್ಟಲ್ಲಿ ಸೇರ್ಸಿ ಕೊಡ್ತಾರೆ, ನಂಬರ್ ದೊಡ್ಡದು ಅಂತ ಆಸೆ ಬೀಳ್ಬೇಡಿ, ಅದರಲ್ಲಿ ಐಎಸ್ ಇಲ್ಲ, 300ರ ತುದೀಲಿ ಚಿತ್ರನೂ ಮೆತ್ತಗೆ ಬರುತ್ತೆ. ನಿಕಾನ್‌ದು 70-300 ಎಎಫ್-ಪಿ ಅಂತ ಇದೆ, ಅದು ಎರಡು ಥರ ಬಂದಿದೆ, ಒಂದಕ್ಕೆ ವಿಆರ್ (ಐಎಸ್‌ಗೆ ನಿಕಾನ್ ಇಟ್ಟಿರೋ ಹೆಸರು) ಇದೆ ಇನ್ನೊಂದಕ್ಕಿಲ್ಲ, ನೋಡೋಕೆ ಅಣ್ಣ ತಮ್ಮಂದಿರ ಥರ ಒಂದೇ, ವಿಆರ್ ಅನ್ನೋ ಎರಡಕ್ಷರ ಮಾತ್ರ ವ್ಯತ್ಯಾಸ. ಇಲ್ಲದಿರೋದನ್ನ ತಗೊಂಡು ಮನೆಗೆ ಬಂದು ಯಾಕೆ ಎಲ್ಲಾ ಶೇಕ್ ಆಗುತ್ತೆ ಅಂತ ತಲೆ ಕೆಡ್ಸಿಕೊಂಡವ್ರು ನನ್ನ ಹತ್ರ ಎಷ್ಟೋ ಜನ ಬಂದವ್ರೆ.

ಭಾವನ ಮಾತೂ ಸುಳ್ಳಲ್ಲ. 2020ರ ಆಮೇಲೆ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಬಾಡಿ ತಂದಿಲ್ಲ, ಅವರ ಕೆಲಸ ಎಲ್ಲಾ ಮಿರರ್‌ಲೆಸ್ ಕಡೆ ಹೋಗಿದೆ. ಆದ್ರೆ ಕಾಲ ಮುಗೀತು ಅನ್ನೋದು ಕಂಪ್ನಿಗೆ ಹೇಳೋ ಮಾತು, ಕಲಿಯೋರಿಗಲ್ಲ. ಎಲ್ರೂ ಡಿಎಸ್‌ಎಲ್‌ಆರ್ ಮಾರಿ ಮಿರರ್‌ಲೆಸ್ ತಗೊಳ್ತಿರೋದ್ರಿಂದಾನೇ ಒಳ್ಳೊಳ್ಳೆ ಹಳೇ ಬಾಡಿ ಲೆನ್ಸು ಅರ್ಧಂಬರ್ಧ ರೇಟಿಗೆ ಕೈಗೆ ಬರ್ತಿವೆ, ನಿಮಗೆ ಲಾಭ. ಮಿರರ್‌ಲೆಸ್‌ನಲ್ಲಿ ಕಲಿಯೋರಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನೂ ಹೇಳ್ಬಿಡ್ತೀನಿ. ವ್ಯೂಫೈಂಡರಲ್ಲಿ, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡೀಲಿ, ಕಾಣೋದೇ ಫೋಟೋ, ಕತ್ತಲಾಯ್ತಾ ಬೆಳಕು ಜಾಸ್ತಿ ಆಯ್ತಾ ಅಂತ ಕ್ಲಿಕ್ ಮಾಡೋ ಮೊದಲೇ ಗೊತ್ತಾಗುತ್ತೆ. ಹೊಸ ಬಾಡಿಗಳು ಹಕ್ಕಿ ಕಣ್ಣನ್ನ ತಾವೇ ಹುಡ್ಕಿ ಫೋಕಸ್ ಹಿಡೀತವೆ. ಬ್ಯಾಟರಿ ಮಾತ್ರ ಬೇಗ ಖಾಲಿ, ನಿಕಾನ್ ಡಿ3500 ಅನ್ನೋ ಪುಟ್ಟ ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ 1550 ಫೋಟೋ ಅಂತ ಕಂಪ್ನಿ ಲೆಕ್ಕ, ಚಿಕ್ಕ ಮಿರರ್‌ಲೆಸ್‌ಗಳು ಮುನ್ನೂರು ನಾನೂರಕ್ಕೆ ಕೈ ಎತ್ತುತವೆ, ಇನ್ನೊಂದು ಬ್ಯಾಟರಿ ದುಡ್ಡು ಸೇರ್ಸಿಕೊಳಿ.

ನಿಮ್ಮ ಐವತ್ತು ಸಾವಿರದಲ್ಲಿ ಹೊಸ ಮಿರರ್‌ಲೆಸ್ ತಗೊಂಡ್ರೆ ಬಾಡಿಗೂ ಕಿಟ್ ಲೆನ್ಸಿಗೂ ದುಡ್ಡು ಮುಗ್ದು ಹಕ್ಕಿ ಲೆನ್ಸಿಗೆ ಕೈ ಖಾಲಿ, ಮತ್ತೆ ಅದೇ ಬಿಳಿ ಚುಕ್ಕಿ, ಸ್ವಲ್ಪ ದುಬಾರಿ ಚುಕ್ಕಿ ಅಷ್ಟೇ. ಅದಕ್ಕೆ ನಾನು ಹೇಳೋದು ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಥರದ್ದು, ಅದಕ್ಕೆ 55-250 ಎಸ್‌ಟಿಎಂ, ಮತ್ತೆ ಸ್ಕೂಲ್ ಫಂಕ್ಷನ್ನಿಗೆ 50 ಎಂಎಂ ಎಫ್ 1.8 ಲೆನ್ಸ್ ಒಂದು (ಈ ಎಫ್ ಲೆಕ್ಕ ಮುಂದೆ ಹೇಳ್ತೀನಿ). ನಾಳೆ ಕ್ಯಾನನ್ ಮಿರರ್‌ಲೆಸ್‌ಗೆ ಹೋಗ್ಬೇಕು ಅನ್ಸಿದ್ರೆ ಅಡಾಪ್ಟರ್ ಹಾಕಿ ಈ ಎರಡು ಲೆನ್ಸನ್ನೂ ಹಂಗೇ ಬಳಸ್ಬೋದು, ಭಾವಂಗೂ ಸಮಾಧಾನ. ನಿಕಾನ್ ಸಿಕ್ಕಿದ್ರೆ ಬೇಡ ಅನ್ನಲ್ಲ, ಆದ್ರೆ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಹಳೇ 50 ಎಫ್ 1.8ಡಿ ಅಗ್ಗಕ್ಕೆ ಸಿಗ್ತು ಅಂತ ತಂದ್ರೆ ಕೈಯಲ್ಲೇ ತಿರುಗಿಸ್ತಾ ಕೂರ್ಬೇಕು. ಹಂಗೇ ಡಿ3100, ಡಿ5100ರಂಥ ಹಳೇ ಬಾಡಿಗೆ ಆ ಎಎಫ್-ಪಿ ಲೆನ್ಸ್ ಹಾಕಿದ್ರೆ ಫೋಕಸ್ಸೇ ಆಗಲ್ಲ. ಹೊಸದೇ ಬೇಕು ಅಂತ ಮನಸ್ಸು ಹಠ ಮಾಡಿದ್ರೆ ಒಂದು ಚಿಕ್ಕ ಮಾತು, ಕ್ಯಾನನ್ ಆರ್100 ಕಮ್ಮಿ ರೇಟು ನಿಜ, ಆದ್ರೆ ಸ್ಕ್ರೀನ್ ಟಚ್ ಇಲ್ಲ ಮಡಚೋಕೂ ಬರಲ್ಲ, ಮೊಬೈಲ್ ರೂಢಿ ಇರೋರಿಗೆ ಆರ್50 ಹಿತ.

ಇನ್ನು ಬ್ರಿಡ್ಜ್ ಕ್ಯಾಮೆರಾ, ಲೆನ್ಸ್ ಬಿಚ್ಚೋಕೆ ಬರ್ದಿರೋ ದೊಡ್ಡ ಜೂಮಿಂದು. ಅದರ ಸೆನ್ಸರ್, ಅಂದ್ರೆ ಬೆಳಕು ಹಿಡಿದು ಚಿತ್ರ ಮಾಡೋ ಚಿಪ್, ಉಗುರಿನಷ್ಟು, ಡಿಎಸ್‌ಎಲ್‌ಆರ್ ಸೆನ್ಸರಿನ ಹನ್ನೆರಡನೇ ಒಂದು ಭಾಗ ವಿಸ್ತೀರ್ಣ. ಬಿಸಿಲಲ್ಲಿ ಹಕ್ಕಿ ಗುರುತು ಹಿಡಿಯೋಕೆ ಭೇಷ್, ಮೋಡ ಕವಿದ್ರೆ ಫೋಟೋ ಉಪ್ಪಿಟ್ಟು ಆಗುತ್ತೆ. ಮೆಗಾಪಿಕ್ಸೆಲ್ ಬಗ್ಗೆ ಕೇಳಿಲ್ಲ, ಒಳ್ಳೇದಾಯ್ತು. 12×8 ಇಂಚಿನ ಪ್ರಿಂಟಿಗೆ 86 ಲಕ್ಷ ಪಿಕ್ಸೆಲ್ ಸಾಕು, ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದರ ಎರಡರಷ್ಟಾದ್ರೂ ಇರುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳೋಕೆ ಹೋದಾಗ ಒಂದು ಚಿಕ್ಕ ಟಾರ್ಚು ಒಂದು ಮೆಮೊರಿ ಕಾರ್ಡು ಜೋಬಲ್ಲಿರ್ಲಿ. ಲೆನ್ಸಿನ ಎರಡೂ ಕಡೆ ಕ್ಯಾಪ್ ತೆಗ್ದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ, ಜೇಡರ ಬಲೆ ಥರ ಎಳೆ ಕಂಡ್ರೆ ಫಂಗಸ್, ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ಎರಡು ಚುಕ್ಕಿ ಧೂಳಿದ್ರೆ ತೊಂದ್ರೆ ಇಲ್ಲ. ಆಮೇಲೆ ಎಫ್ 16ರಲ್ಲಿ ಇಟ್ಟು ಬಿಳಿ ಗೋಡೆ ಫೋಟೋ ತೆಗೆದು ಜೂಮ್ ಮಾಡಿ, ಸೆನ್ಸರ್ ಮೇಲಿನ ಕಸ ಕರಿ ಮಚ್ಚೆಯಾಗಿ ಕಾಣುತ್ತೆ, ಅದನ್ನ ಕ್ಲೀನ್ ಮಾಡಿಸ್ಬೋದು ಆದ್ರೆ ರೇಟ್ ಇಳಿಸೋಕೆ ಒಂದು ನೆಪ. ಶಟರ್ ಕೌಂಟ್ ಕೇಳಿ, ಅಂದ್ರೆ ಇಲ್ಲಿ ತನಕ ಎಷ್ಟು ಕ್ಲಿಕ್ ಆಗಿದೆ ಅಂತ, ಈ ದರ್ಜೆ ಬಾಡಿಗಳ ಶಟರ್ ಸುಮಾರು ಒಂದು ಲಕ್ಷದ ಲೆಕ್ಕದಲ್ಲಿ ಮಾಡಿರ್ತಾರೆ. ಮದುವೆ ಫೋಟೋದವರ ಕ್ಯಾಮೆರಾ ಆದ್ರೆ ಎರಡೇ ಸೀಸನ್‌ಗೆ ಅಷ್ಟು ಓಡಿರುತ್ತೆ, ನಾನೂ ಮದುವೆ ಫೋಟೋದವನೇ, ಅದಕ್ಕೇ ಹೇಳ್ತಿರೋದು.

ಈಗ ತಲೆಬುಡಕ್ಕೆ ಬರೋಣ. ನಿಮ್ಮೂರಲ್ಲಿ ನಾಲೆ ತೂಬು ನೋಡದಿರೋರು ಯಾರೂ ಇಲ್ಲ. ಗದ್ದೆಗೆ ಎಷ್ಟು ನೀರು ಹೋಗುತ್ತೆ ಅನ್ನೋದು ಎರಡರ ಮೇಲೆ ನಿಂತಿದೆ, ತೂಬು ಎಷ್ಟು ಅಗಲ ಎತ್ತಿದೀರ, ಎಷ್ಟು ಹೊತ್ತು ಎತ್ತಿಟ್ಟಿದೀರ. ಅಗಲ ಅಪರ್ಚರ್, ಹೊತ್ತು ಶಟರ್ ಸ್ಪೀಡ್. ನೀರಿನ ಬದಲು ಬೆಳಕು, ಗದ್ದೆ ಬದಲು ಸೆನ್ಸರ್. ಐಎಸ್‌ಓ ತೂಬಲ್ಲ, ಅದು ನಿಮ್ಮ ಸ್ಕೂಲ್ ವಾರ್ಷಿಕೋತ್ಸವದ ಮೈಕ್ ಸೆಟ್ಟಿನ ವಾಲ್ಯೂಮು. ಪಾಪ ಮಗು ಮೆಲ್ಲಗೆ ಹಾಡ್ತಿದೆ ಅಂತ ವಾಲ್ಯೂಮ್ ಏರ್ಸಿದ್ರೆ ಹಾಡೂ ಜೋರಾಗುತ್ತೆ ಜೊತೆಗೆ ಗೊರ ಗೊರ ಸದ್ದೂ ಜೋರಾಗುತ್ತಲ್ಲ, ಫೋಟೋದಲ್ಲಿ ಆ ಗೊರಗೊರನೇ ಕಾಳು ಕಾಳಾಗಿ ಕಾಣೋ ನಾಯ್ಸ್.

ಎಫ್ ನಂಬರ್ ಚಿಕ್ಕದಾದ್ರೆ ತೂತು ದೊಡ್ಡದು ಅನ್ನೋದು ಎಲ್ರಿಗೂ ಉಲ್ಟಾ ಅನ್ಸುತ್ತೆ. ಅದು ಭಾಗಾಕಾರ ಅಷ್ಟೇ ಮೇಡಂ. 50 ಎಂಎಂ ಲೆನ್ಸಲ್ಲಿ ಎಫ್ 2 ಅಂದ್ರೆ 50 ಭಾಗಿಸು 2, ತೂತು 25 ಮಿಲಿಮೀಟರ್, ಎಫ್ 10 ಅಂದ್ರೆ 5 ಮಿಲಿಮೀಟರ್. 1.4, 2, 2.8, 4, 5.6, 8, 11, 16 ಅಂತ ವಿಚಿತ್ರವಾಗಿ ಹೋಗುತ್ತಲ್ಲ, ಪ್ರತಿ ಸಲ ಎರಡರ ವರ್ಗಮೂಲದಿಂದ ಗುಣಿಸಿದ್ದು, ವ್ಯಾಸ ಅಷ್ಟು ಇಳಿದ್ರೆ ವೃತ್ತದ ವಿಸ್ತೀರ್ಣ ಅರ್ಧ ಆಗುತ್ತೆ, ಬೆಳಕೂ ಅರ್ಧ. ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಇದನ್ನೇ ಒಂದು ಲೆಕ್ಕ ಮಾಡಿ ಕೊಡಿ. ಈ ಒಂದೊಂದು ಮೆಟ್ಟಿಲಿಗೆ ಒಂದು ಸ್ಟಾಪ್ ಅಂತಾರೆ. ಶಟರ್ 1/250 ಸೆಕೆಂಡಿಂದ 1/500ಕ್ಕೆ ಹೋದ್ರೂ ಒಂದು ಸ್ಟಾಪ್ ಕಮ್ಮಿ, ಐಎಸ್‌ಓ 100ರಿಂದ 200ಕ್ಕೆ ಹೋದ್ರೆ ಒಂದು ಸ್ಟಾಪ್ ಜಾಸ್ತಿ. ಒಂದು ಕಡೆ ಕಳೆದ್ರೆ ಇನ್ನೊಂದು ಕಡೆ ಕೂಡು.

ಫಿಲಂ ಕಾಲದಲ್ಲಿ ನಮ್ಮ ಹತ್ರ ಬೆಳಕು ಅಳೆಯೋ ಮೀಟರ್ ಇಲ್ದಿದ್ರೂ ಕೆಲಸ ನಡೀತಿತ್ತು, ಒಂದು ಬಾಯಿಲೆಕ್ಕ ಇತ್ತು. ಚೆನ್ನಾಗಿ ಬಿಸಿಲಿದ್ದಾಗ ಎಫ್ 16 ಇಡು, ಶಟರ್ ಐಎಸ್‌ಓ ಎಷ್ಟೋ ಅಷ್ಟರಲ್ಲಿ ಒಂದು ಭಾಗ ಇಡು. ಐಎಸ್‌ಓ 100 ಆದ್ರೆ 1/100. ಇದನ್ನ ನಿಮ್ಮ ಕೊಕ್ಕರೆಗೆ ಹಾಕಿ. ನಿಮ್ಮ ಲೆನ್ಸ್ 250ರ ತುದೀಲಿ ಎಫ್ 5.6ಕ್ಕಿಂತ ತೆರೆಯಲ್ಲ, 16ರಿಂದ 5.6ಕ್ಕೆ ಮೂರು ಸ್ಟಾಪ್, ಹಂಗಾಗಿ ಶಟರ್ 1/800 ಸಿಗುತ್ತೆ. ಐಎಸ್‌ಓ 400 ಮಾಡಿದ್ರೆ 1/3200, ಹಾರೋ ಹಕ್ಕಿ ರೆಕ್ಕೆನೂ ಕಲ್ಲಾಗಿ ನಿಲ್ಲುತ್ತೆ. ಅದೇ ಮೋಡ ಮುಚ್ಚಿ ಮೂರು ಸ್ಟಾಪ್ ಬೆಳಕು ಹೋಯ್ತು ಅನ್ಕೊಳಿ, 1/400ಕ್ಕೆ ಬಂದ್ರಿ, ಕೂತ ಹಕ್ಕಿಗೆ ಓಕೆ, ಹಾರೋದಕ್ಕೆ ಸಾಲ್ದು, ಆಗ ಐಎಸ್‌ಓ 1600ಕ್ಕೆ ಏರ್ಸೋಕೆ ಹೆದ್ರಬೇಡಿ. ಕಾಳುಕಾಳಾದ ಫೋಟೋನ ಆಮೇಲೆ ನಯ ಮಾಡ್ಬೋದು, ಅಲ್ಲಾಡಿದ ಫೋಟೋಗೆ ಯಾವ ಔಷಧಿನೂ ಇಲ್ಲ. ಕೈಯಲ್ಲಿ ಹಿಡ್ದು ತೆಗೆಯೋಕೆ ಶಟರ್ ಕನಿಷ್ಠ ಎಷ್ಟಿರ್ಬೇಕು ಅಂದ್ರೆ ಲೆನ್ಸಿನ ಎಂಎಂ ನಂಬರನ್ನ 1.6ರಿಂದ ಗುಣಿಸಿ, 250ಕ್ಕೆ 1/400. ಐಎಸ್ ಆನ್ ಇದ್ರೆ ಇನ್ನೂ ಕೆಳಗೆ ಹೋಗ್ಬೋದು ಆದ್ರೆ ಐಎಸ್ ನಿಮ್ಮ ಕೈ ನಡುಕನ ನಿಲ್ಸುತ್ತೆ, ಹಕ್ಕಿ ಕತ್ತು ತಿರುಗಿಸೋದನ್ನ ನಿಲ್ಸಲ್ಲ. ರಂಗನತಿಟ್ಟಿಗೆ ಹೋದ್ರೂ ಅಷ್ಟೇ, ದೋಣಿ ಅಲ್ಲಾಡ್ತಾ ಇರುತ್ತೆ, ಟ್ರೈಪಾಡ್ ಹಾಕಿದ್ರೆ ದೋಣಿ ಜೊತೆ ಅದೂ ಕುಣಿಯುತ್ತೆ, ಅಲ್ಲಿ 1/1000ಕ್ಕೆ ಕಮ್ಮಿ ಇಳೀಬೇಡಿ.

ಬಿಳಿ ಹಕ್ಕಿ ಸಮಸ್ಯೆ ಒಂದು ಬಾಕಿ ಇದೆ, ನಿಮ್ಮ ಚುಕ್ಕಿ ಬರೀ ಬಿಳಿ ಆಗಿದ್ದಕ್ಕೆ ಕಾರಣ ದೂರ ಒಂದೇ ಅಲ್ಲ. ಕ್ಯಾಮೆರಾ ಮೀಟರ್‌ಗೆ ಕೊಕ್ಕರೆ ಯಾವುದು ಎಲೆ ಯಾವುದು ಗೊತ್ತಿಲ್ಲ, ಕಣ್ಣಿಗೆ ಬಿದ್ದಿದ್ದನ್ನೆಲ್ಲಾ ಸೇರ್ಸಿ ನಡುಮಧ್ಯದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಹಿಂದೆ ಹುಣಸೆ ಮರದ ಕತ್ತಲು, ಮುಂದೆ ಬಿಸಿಲು ಬಿದ್ದ ಬಿಳಿ ಹಕ್ಕಿ ಚಿಕ್ಕದಾಗಿ ಕೂತಿದ್ರೆ ಅದು ಕತ್ತಲನ್ನ ಎತ್ತೋಕೆ ಹೋಗಿ ಬಿಳೀನ ಸುಟ್ಟು ಹಾಕುತ್ತೆ, ಗರಿಯ ಒಂದು ಎಳೆನೂ ಉಳಿಯಲ್ಲ. ಆಗ ಪ್ಲಸ್ ಮೈನಸ್ ಗುರುತಿನ ಬಟನ್ ಒತ್ತಿ ಮೈನಸ್ 1ಕ್ಕೆ ತಗೊಳಿ. ಅದೇ ಹಕ್ಕಿ ಬೆಳ್ಳನೆ ಆಕಾಶದ ಮುಂದೆ ಕೂತ್ರೆ ಉಲ್ಟಾ, ಪ್ಲಸ್ 1, ಇಲ್ಲಾಂದ್ರೆ ಹಕ್ಕಿ ಕರಿ ನೆರಳು. ಮೈಸೂರು ಅರಮನೆ ದೀಪ ಭಾನುವಾರ ಸಂಜೆ ಹಾಕ್ತಾರಲ್ಲ, ಅಲ್ಲೂ ಇದೇ ಕಥೆ, ಹತ್ತತ್ರ ಒಂದು ಲಕ್ಷ ಬಲ್ಬು ಉರೀತಿದ್ರೂ ಸುತ್ತ ಕರಿ ಆಕಾಶ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡ್ಬಿಡುತ್ತೆ, ಬಲ್ಬೆಲ್ಲಾ ಒಂದಕ್ಕೊಂದು ಅಂಟ್ಕೊಂಡು ಬೆಲ್ಲದ ಪಾಕ ಸುರಿದಂಗೆ ಕಾಣುತ್ತೆ. ಮೈನಸ್ 1 ಮಾಡಿ, ಒಂದೊಂದು ಬಲ್ಬೂ ಬೇರೆ ಬೇರೆ ಬರುತ್ತೆ. ಪ್ರಾಕ್ಟೀಸಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಕ್ಯಾಮೆರಾ ಬಂದ ಮೊದಲ ದಿನದಿಂದ ಆಟೋ ಮೋಡ್ ಬಿಡಿ. ಮ್ಯಾನುಯಲ್‌ಗೂ ಹಾರ್ಬೇಡಿ, ಅದೊಂದು ಒಣ ಜಂಬ. ಎವಿ ಅಂತ ಡಯಲ್ ಮೇಲೆ ಇರುತ್ತೆ, ನಿಕಾನಲ್ಲಿ ಎ, ಅದರಲ್ಲಿ ನೀವು ತೂಬಿನ ಅಗಲ ಹೇಳಿದ್ರೆ ಹೊತ್ತನ್ನ ಅದು ನೋಡ್ಕೊಳುತ್ತೆ. ಫೋಕಸ್ ಪಾಯಿಂಟ್ ಒಂದೇ ಇಟ್ಕೊಂಡು ಹಕ್ಕಿ ಕಣ್ಣಿನ ಮೇಲೆ ಇಡಿ. 250ರಲ್ಲಿ ಹದಿನೈದು ಮೀಟರ್ ದೂರಕ್ಕೆ ಎಫ್ 5.6ರಲ್ಲಿ ಸ್ಪಷ್ಟವಾಗಿ ಬರೋದು ಮುಕ್ಕಾಲು ಮೀಟರ್ ಆಳ ಅಷ್ಟೇ, ಗೂಡಲ್ಲಿ ತಾಯಿ ಹಿಂದೆ ಮರಿ ಇದ್ರೆ ಇಬ್ರಲ್ಲಿ ಒಬ್ರು ಮಸುಕು. ಇಬ್ರೂ ಬೇಕಾದ್ರೆ ಎಫ್ 11. ಫೋಟೋ ರಾ ಪ್ಲಸ್ ಜೆಪೆಗ್ ಎರಡರಲ್ಲೂ ಉಳಿಸಿ, ರಾ ಅಂದ್ರೆ ಸೆನ್ಸರ್ ಹಿಡಿದಿದ್ದನ್ನ ಹಂಗೇ ಇಡೋ ಫೈಲು, ಈಗ ಅರ್ಥ ಆಗ್ದಿದ್ರೂ ವರ್ಷ ಆದ್ಮೇಲೆ ಬೇಕು ಅನ್ಸುತ್ತೆ.

ಒಂದು ನನ್ನ ಕಥೆ. ಇಪ್ಪತ್ತೆರಡನೇ ವಯಸ್ಸಲ್ಲಿ ದಸರಾ ಜಂಬೂ ಸವಾರಿ ತೆಗೆಯೋಕೆ ಬೆಳಗ್ಗೆನೇ ಹೋಗಿ ಜಾಗ ಹಿಡ್ದು ನಿಂತು, ಬಿಸಿಲಲ್ಲಿ ಬೆಂದು, ಅಂಬಾರಿ ಬಂದಾಗ ಮೂವತ್ತಾರು ಕ್ಲಿಕ್ ಲೆಕ್ಕ ಹಾಕ್ಕೊಂಡು ತೆಗ್ದೆ. ರೀಲು ಹಲ್ಲಿಗೆ ಕಚ್ಚಿಕೊಂಡೇ ಇರ್ಲಿಲ್ಲ, ಡಬ್ಬಿಯಿಂದ ಒಂದಿಂಚೂ ಹೊರಗೆ ಬಂದಿರ್ಲಿಲ್ಲ. ಮೂವತ್ತಾರರಲ್ಲಿ ಸೊನ್ನೆ. ನಮ್ಮಪ್ಪ ಒಂದು ವಾರ ನನ್ನ ಮುಖ ನೋಡಿ ನಗ್ತಿದ್ರು. ನಿಮಗೆ ಆ ಶಿಕ್ಷೆ ಇಲ್ಲ, ಮೊದಲ ಎರಡು ಫೋಟೋ ತೆಗ್ದ ತಕ್ಷಣ ಜೂಮ್ ಮಾಡಿ ಕಣ್ಣು ಶಾರ್ಪ್ ಇದೆಯಾ ನೋಡಿ, ಹಿಸ್ಟೋಗ್ರಾಂ ಅನ್ನೋ ಗುಡ್ಡದ ಚಿತ್ರ ಬಲಗಡೆ ಗೋಡೆಗೆ ಒತ್ಕೊಂಡಿದೆಯಾ ನೋಡಿ, ಒತ್ಕೊಂಡಿದ್ರೆ ಬಿಳಿ ಸುಟ್ಟಿದೆ ಅಂತ ಅರ್ಥ. ಆದ್ರೆ ಪ್ರತಿ ಕ್ಲಿಕ್‌ಗೂ ಪರದೆ ನೋಡ್ತಾ ಕೂರ್ಬೇಡಿ, ಅಷ್ಟೊತ್ತಿಗೆ ಹೆಜ್ಜಾರ್ಲೆ (ಪೆಲಿಕನ್) ಹಾರಿ ಹೋಗಿರುತ್ತೆ.

ಸ್ಕೂಲ್ ಫಂಕ್ಷನ್‌ಗೆ ಆ 50 ಎಂಎಂ ಹೇಳಿದ್ದು. ಎಫ್ 1.8 ಅನ್ನೋದು 5.6ಕ್ಕಿಂತ ಹತ್ತತ್ರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ, ಫ್ಲಾಶ್ ಇಲ್ದೆ ನಾಟಕ ತೆಗೀಬೋದು. ಎಲ್‌ಇಡಿ ಲೈಟಿನ ಕೆಳಗೆ ಫೋಟೋದಲ್ಲಿ ಅಡ್ಡ ಪಟ್ಟೆ ಬರ್ತಿದ್ರೆ ಕ್ಯಾಮೆರಾ ಕೆಟ್ಟಿಲ್ಲ, ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಅದಕ್ಕೆ ಕೆಲವು ಲೈಟು ಸೆಕೆಂಡಿಗೆ ನೂರು ಸಲ ಮಿಣಿಮಿಣಿ ಅಂತವೆ. ಶಟರ್ 1/100 ಇಲ್ಲಾ 1/50 ಇಡಿ, ಪಟ್ಟೆ ಹೋಗುತ್ತೆ. ಕುಣಿಯೋ ಮಕ್ಕಳ ಕೈಕಾಲು ಸ್ವಲ್ಪ ಮಸುಕಾಗುತ್ತೆ, ಆಗ್ಲಿ ಬಿಡಿ, ಕುಣಿತ ಅಂತ ಗೊತ್ತಾಗ್ಬೇಕಲ್ಲ.

ಮಳೆಗಾಲದಲ್ಲಿ ಕ್ಯಾಮೆರಾನ ಬ್ಯಾಗಲ್ಲೇ ಬೀರುವಲ್ಲಿಟ್ಟು ಮರೀಬೇಡಿ, ನನ್ನದೊಂದು ಲೆನ್ಸ್ ಹಂಗೇ ಹಾಳಾಯ್ತು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಅಡಿಗೆಮನೇದೇ ಆಗುತ್ತೆ, ಅದರಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿಡಿ. ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಅಡುಗೆಗೆ ಬಳಸದ ಹಳೇ ಬಾಣಲೇಲಿ ಸಣ್ಣ ಉರಿ ಮೇಲೆ ಬಿಸಿ ಮಾಡಿ, ಮತ್ತೆ ನೀಲಿ ಆಗುತ್ತೆ. ಅಕ್ಕಿ ಡಬ್ಬಿಗೆ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅಕ್ಕಿ ಹುಡಿ ಲೆನ್ಸ್ ಸಂದಿಗೆಲ್ಲಾ ಹೋಗುತ್ತೆ.

ಕೊಕ್ಕರೆ ಬೆಳ್ಳೂರಿಗೆ ಮತ್ತೆ ಹೋದಾಗ ಬೆಳಗ್ಗೆ ಬೇಗ ಹೋಗಿ, ಬಿಸಿಲು ನೆತ್ತಿಗೆ ಬಂದ್ಮೇಲೆ ಹಕ್ಕಿ ಮುಖಕ್ಕೆಲ್ಲಾ ನೆರಳು. ಯಾರ ಮನೆ ಮುಂದೆ ನಿಲ್ತೀರೋ ಅವ್ರನ್ನ ಒಂದು ಮಾತು ಕೇಳಿ, ಅಲ್ಲಿಯವ್ರು ಈ ಹಕ್ಕಿಗಳನ್ನ ತವರಿಗೆ ಬಾಣಂತನಕ್ಕೆ ಬಂದ ಮಗಳು ಅಂತಾನೇ ನೋಡ್ಕೊಳೋದು, ಹಾರೋ ಫೋಟೋ ಬೇಕು ಅಂತ ಚಪ್ಪಾಳೆ ಹೊಡ್ಯೋದು ಕಲ್ಲು ಬೀರೋದು ಮಾಡೋರನ್ನ ಕಂಡ್ರೆ ಅವ್ರಿಗೆ ಮೈ ಉರಿಯುತ್ತೆ, ನನಗೂ. ಮತ್ತೆ ಗೂಡಿನ ನೇರ ಕೆಳಗೆ ನಿಲ್ಬೇಡಿ ಮೇಡಂ, ನಿಂತ್ರೂ ಲೆನ್ಸಿನ ಮುಂದೆ ಹುಡ್ ಅನ್ನೋ ಮರೆ ಹಾಕಿರಿ, ನಿಮ್ಮ ತಲೆಗೊಂದು ಟೋಪಿ, ಮಕ್ಕಳಿಗೆ ಬಾಯಿ ತೆರ್ಕೊಂಡು ಮೇಲೆ ನೋಡ್ಬೇಡಿ ಅಂತ ಮೊದ್ಲೇ ಹೇಳಿಡಿ.